ಏಳನೇ ನಂಬರಿನ ನಗು

ಐವತ್ತಮೂರು ವರ್ಷದ ಹೆಂಗಸು ಹದಿನೇಳರ ಹುಡುಗಿಯಾಗಬೇಕಾದರೆ ಮೂರು ಕೆಲಸ ಮಾಡಬೇಕು. ಚಪ್ಪಲಿ ಬಿಡಬೇಕು, ಬಳೆ ತೆಗೆದಿಡಬೇಕು, ಹೊಟ್ಟೆಗೆ ಏನಾದರೂ ಹಾಕಿಕೊಂಡು ಬಂದಿರಬೇಕು. ಚಪ್ಪಲಿ ಕಿರುಗುಟ್ಟಿದರೆ, ಬಳೆ ತಾಗಿದರೆ, ಹಸಿದ ಹೊಟ್ಟೆ ಗುರ್ರೆಂದರೆ ಮೈಕು ಎಲ್ಲವನ್ನೂ ಹಿಡಿದುಬಿಡುತ್ತದೆ. ಆಮೇಲೆ ತೆರೆಯ ಮೇಲಿನ ಶ್ರೀಮಂತರ ಹುಡುಗಿಗೆ ಮನೆಯಲ್ಲಿ ಊಟ ಹಾಕುವುದಿಲ್ಲವೇ ಎಂದು ನೋಡುವವರು ಕೇಳುತ್ತಾರೆ. ದನಿಯಮ್ಮ ಈ ಮೂರನ್ನೂ ಮೂವತ್ತು ವರ್ಷದಿಂದ ತಪ್ಪದೆ ಮಾಡಿಕೊಂಡು ಬಂದವಳು. ಗೋಡೆಗೆಲ್ಲ ಸ್ಪಂಜು ಬಡಿದ, ಫ್ಯಾನು ಆರಿಸಿದ, ಉದ್ದಕ್ಕೆ ನಾಲ್ಕೇ ಹೆಜ್ಜೆಯ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನು ಏರಿಸಿಕೊಂಡು, ಬೆವರು ಸುರಿಸುತ್ತ, ಪರದೇಶದ ಧಾರಾವಾಹಿಗಳ ಬಾಯಿಗೆ ನಮ್ಮ ಮಾತು ಇಡುವುದು ಅವಳ ಕಸುಬು.

ಆಡು ಮುಟ್ಟದ ಸೊಪ್ಪಿಲ್ಲ, ದನಿಯಮ್ಮ ಆಡದ ದನಿಯಿಲ್ಲ ಎಂದು ಸ್ಟುಡಿಯೋದಲ್ಲಿ ಮಾತಿತ್ತು. ತೊಟ್ಟಿಲ ಕೂಸು, ಸಾಯುವ ಅಜ್ಜಿ, ತುಂಟ ಹುಡುಗರು, ಮಾತಾಡುವ ಮೊಲ, ಸೋಪಿನ ಜಾಹೀರಾತಿನ ಸೊಸೆ, ಎಲ್ಲರೂ ಅವಳ ಗಂಟಲಲ್ಲೇ ಬಿಡಾರ ಹೂಡಿದ್ದರು. ಮುಖ ಮಾತ್ರ ಯಾರಿಗೂ ಗೊತ್ತಿಲ್ಲ. ತರಕಾರಿ ಅಂಗಡಿಯಲ್ಲಿ ಅವಳು ಬೆಲೆ ಕೇಳಿದರೆ ಪಕ್ಕದಲ್ಲಿದ್ದ ಮಗು ಥಟ್ಟನೆ ತಿರುಗಿ, ಮೊಲ ಎಲ್ಲಿ ಎಂದು ಹುಡುಕುವುದಿತ್ತು. ಅದಕ್ಕೆ ಅವಳಿಗೆ ಬೇಸರವಿರಲಿಲ್ಲ. ಆದರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಅದು ಇಳಿಯುತ್ತಿದ್ದದ್ದು ಕೆಲಸವನ್ನು ಕಾಟಾಚಾರಕ್ಕೆ ಮಾಡುವವರ ಮೇಲೆ.

ಕಾಟಾಚಾರಕ್ಕೆ ಇನ್ನೊಂದು ಹೆಸರು ಬೇಗಪ್ಪ. ಅವನು ಡಬ್ಬಿಂಗ್ ನಿರ್ದೇಶಕ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಅದು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ಸಂಜೆ ಬೀಗ ಹಾಕುವವರೆಗೆ ಅವನ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು, "ಬೇಗ ಅಮ್ಮ, ಬೇಗ." ಕೆಟ್ಟವನೇನಲ್ಲ. ದಿನಕ್ಕೊಂದು ಕಂತು ಮುಗಿಸಿ ಚಾನೆಲ್ಲಿಗೆ ಕಳಿಸಬೇಕು, ಕಳಿಸದಿದ್ದರೆ ಮೇಲಿನವರು ಅವನ ಜೀವ ಹಿಂಡುತ್ತಾರೆ. ಅವನು ಬಂದು ಕೆಳಗಿನವರ ಜೀವ ಹಿಂಡುತ್ತಾನೆ. ಅಷ್ಟೇ ವ್ಯವಸ್ಥೆ.

ಎರಡು ವರ್ಷದ ಹಿಂದೆ ಅವನ ಕೈಗೆ ಒಂದು ದೊಡ್ಡ ಧಾರಾವಾಹಿ ಬಂತು. ಹಣವಂತರ ಮಕ್ಕಳು ಓದುವ ಶಾಲೆಯ ಕಥೆ. ಓದು ಒಂದನ್ನು ಬಿಟ್ಟು ಉಳಿದದ್ದೆಲ್ಲ ಆ ಶಾಲೆಯಲ್ಲಿ ನಡೆಯುತ್ತದೆ. ಹದಿನಾರು ಹದಿನೇಳರ ಹುಡುಗ ಹುಡುಗಿಯರು ಅಪ್ಪನ ಕಾರಿನಲ್ಲಿ ಬಂದಿಳಿಯುತ್ತಾರೆ, ಒಬ್ಬರ ಮೇಲೊಬ್ಬರು ಪಿತೂರಿ ಮಾಡುತ್ತಾರೆ, ಸಂಜೆಗೆ ಈಜುಕೊಳದ ಪಕ್ಕ ಕೂತು ಅಳುತ್ತಾರೆ. ಇವರ ನಡುವೆ ಮಹಾರಾಣಿಯಂತೆ ಮೆರೆಯುವವಳು ಒಬ್ಬಳು. ಸ್ಟುಡಿಯೋದವರು ಅವಳನ್ನು ಬಂಗಲೆ ಹುಡುಗಿ ಎಂದೇ ಕರೆಯುತ್ತಿದ್ದರು. ಅದೇ ತರಗತಿಗೆ ಅವಳ ಮನೆಯ ಡ್ರೈವರನ ಮಗಳೂ ಬಂದು ಸೇರುತ್ತಾಳೆ. ಬಂಗಲೆ ಹುಡುಗಿ ಮೊದಲ ಕಂತಿನಲ್ಲೇ ಅವಳ ಹಳೆಯ ಶೂ ನೋಡಿ ಎಲ್ಲರೆದುರು ನಗುತ್ತಾಳೆ. ಆ ಬಂಗಲೆ ಹುಡುಗಿಗೆ ದನಿ ಕೊಡುವ ಕೆಲಸ ದನಿಯಮ್ಮನ ಪಾಲಿಗೆ ಬಂತು.

ಮೊದಲ ವಾರದಲ್ಲೇ ಬೇಗಪ್ಪ ಅವಳನ್ನು ಅರ್ಧ ದಿನ ಕೂರಿಸಿ ಬರೀ ನಗಿಸಿದ. ಇದು ಅಲ್ಲಿಯ ಪದ್ಧತಿ. ದೊಡ್ಡ ಪಾತ್ರವಾದರೆ ಮೊದಲೇ ನಲವತ್ತು ನಗು, ಇಪ್ಪತ್ತು ಅಳು, ಒಂದಿಷ್ಟು ನಿಟ್ಟುಸಿರು, ಬಿಕ್ಕಳಿಕೆ, ಕೆಮ್ಮು ಎಲ್ಲ ಮುದ್ರಿಸಿ ನಂಬರು ಹಾಕಿ ಕಂಪ್ಯೂಟರಿನಲ್ಲಿ ಇಡುತ್ತಾರೆ. ಮುಂದೆ ಪಾತ್ರ ಬೆನ್ನು ತಿರುಗಿಸಿ ನಕ್ಕರೆ, ದೂರದಲ್ಲಿ ನಿಂತು ಅತ್ತರೆ, ಅಂತೂ ತುಟಿ ಕಾಣದ ಕಡೆಯಲ್ಲೆಲ್ಲ ಪಟ್ಟಿಯಿಂದ ಒಂದನ್ನು ತೆಗೆದು ಅಂಟಿಸಿಬಿಟ್ಟರೆ ಆಯಿತು. ಹೊತ್ತೂ ಉಳಿಯಿತು, ಗಂಟಲೂ ಉಳಿಯಿತು. ಗಂಟಲು ಉಳಿಯುತ್ತದೆಂದು ದನಿಯಮ್ಮನೂ ತಕರಾರು ತೆಗೆದವಳಲ್ಲ.

ಆ ದಿನ ಏಳನೆಯ ನಗು ಮುಗಿದಾಗ ಗಾಜಿನ ಆಚೆ ಕೂತಿದ್ದ ರೆಕಾರ್ಡಿಂಗ್ ಎಂಜಿನಿಯರು ಹೆಡ್‌ಫೋನು ತೆಗೆದಿಟ್ಟ. ತಲೆ ನರೆತವನು, ಅವಳಷ್ಟೇ ವರ್ಷ ಆ ಕುರ್ಚಿ ಸವೆಸಿದವನು, ಸುಲಭಕ್ಕೆ ಮೆಚ್ಚುವವನಲ್ಲ. "ಮೈ ಉರಿದುಹೋಯ್ತಮ್ಮ," ಎಂದ. "ನನ್ನನ್ನೇ ನೋಡಿ ನಕ್ಕಂಗಾಯ್ತು." ಮೊದಲು ಮೂಗಿನಿಂದ ಸಣ್ಣಗೆ ಗಾಳಿ ಬಿಟ್ಟು, ಆಮೇಲೆ ಮೂರು ಮೆಟ್ಟಿಲು ಹತ್ತಿ, ತುದಿಯಲ್ಲಿ ಥಟ್ಟನೆ ನಿಂತುಬಿಡುವ ನಗು ಅದು. ಅದು ಎಷ್ಟು ಪ್ರಸಿದ್ಧವಾಯಿತೆಂದರೆ ಬೀದಿ ಮಕ್ಕಳೂ ಜಗಳವಾಡುವಾಗ ಹಾಗೇ ನಕ್ಕು ಅಣಕಿಸತೊಡಗಿದರು. ಎಂಜಿನಿಯರು ಆ ಏಳನೇ ನಂಬರಿಗೆ ಒಂದು ಗುಂಡಿಯನ್ನೇ ಮೀಸಲಿಟ್ಟ.

ದನಿಯಮ್ಮನಿದ್ದದ್ದು ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ, ಅಕ್ಕನ ಜೊತೆ. ಗಂಡ ತೀರಿಕೊಂಡ ಮೇಲೆ ಅಕ್ಕನೇ ಬಾ ಎಂದು ಕರೆಸಿಕೊಂಡಿದ್ದಳು. ಅಕ್ಕ ಮದುವೆಯಾಗಿರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು, ಮೊಣಕಾಲು ಹಾಳು ಮಾಡಿಕೊಂಡು ನಿವೃತ್ತಳಾದವಳು. ಕಡಿಮೆ ಮಾತು. ಯಾರ ಮನೆಗೂ ಹೋಗುವವಳಲ್ಲ. ಹೋಗಲೇಬೇಕಾಗಿ ಬಂದರೂ ಬಾಗಿಲಲ್ಲೇ ನಿಂತು ಮಾತು ಮುಗಿಸಿ ಬರುವವಳು. ಅಂಥವಳು ಸಂಜೆ ಏಳಕ್ಕೆ ಸರಿಯಾಗಿ ಟಿವಿ ಮುಂದೆ ಕುರ್ಚಿ ಎಳೆದುಕೊಂಡು ಈ ಧಾರಾವಾಹಿಯನ್ನು ಒಂದು ದಿನ ತಪ್ಪಿಸದೆ ನೋಡುತ್ತಿದ್ದಳು. ನೋಡಿ ಮುಗಿಸಿ ಪ್ರತಿ ಸಲ ಒಂದೇ ತೀರ್ಪು ಕೊಡುತ್ತಿದ್ದಳು.

"ಹುಟ್ಟುಗುಣ ಸುಟ್ಟರೂ ಹೋಗಲ್ಲ."

ಈ ಗಾದೆ ಕೇಳಿದರೆ ದನಿಯಮ್ಮನಿಗೆ ರೇಗುತ್ತಿತ್ತು. ಯಾಕೆಂದರೆ ಆ ಹುಡುಗಿ ಬದಲಾಗುತ್ತಿದ್ದಳು. ನೂರನೆಯ ಕಂತಿನ ಆಸುಪಾಸಿನಿಂದ ದನಿಯಮ್ಮ ಅದನ್ನು ಗಮನಿಸಿದ್ದಳು. ಗಮನಿಸದೆ ಏನು, ಬೇರೆಯವರು ಕಥೆ ನೋಡುತ್ತಾರೆ, ಅವಳು ದಿನಕ್ಕೆ ಆರು ಗಂಟೆ ಆ ಹುಡುಗಿಯ ತುಟಿಯನ್ನೇ ನೋಡುತ್ತಾಳೆ. ಎಲ್ಲೋ ಕಡಲಾಚೆ ಕೂತು ಆ ಪಾತ್ರ ಬರೆದವರು ಪುಣ್ಯಾತ್ಮರು, ಅವಳನ್ನು ರಾತ್ರಿ ಬೆಳಗಾಗುವುದರೊಳಗೆ ದೇವತೆ ಮಾಡಿರಲಿಲ್ಲ. ಒಂದು ಕಂತಿನಲ್ಲಿ ಅವಳು ಮಾತಾಡುವಾಗ ಕನ್ನಡಿ ನೋಡಿಕೊಳ್ಳುವುದನ್ನು ಬಿಟ್ಟಳು. ಹತ್ತು ಕಂತು ಬಿಟ್ಟು ಕೆಲಸದವಳಿಗೆ ಬಾಗಿಲು ಹಿಡಿದಳು, ಹಿಡಿದದ್ದಕ್ಕೆ ತಾನೇ ನಾಚಿಕೊಂಡಳು. ಮತ್ತೆ ನಾಲ್ಕು ದಿನ ಮೊದಲಿನಂತೆಯೇ ದುಷ್ಟತನ. ಆಮೇಲೆ ಮಾತಿಗೆ ಮೊದಲು ಅರೆಗಳಿಗೆ ತಡೆಯುವುದು ಬಂತು. ಮನುಷ್ಯರು ಬದಲಾಗುವುದೇ ಹಾಗೆ, ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ.

ದನಿಯಮ್ಮ ಅದಕ್ಕೆ ತಕ್ಕಂತೆ ದನಿಯನ್ನು ಇಳಿಸುತ್ತ ಬಂದಳು. ಕೀರಲನ್ನು ಒಂದು ಎಳೆ ತಗ್ಗಿಸಿದಳು, ಮಾತಿನ ತುದಿಯ ಸೊಕ್ಕನ್ನು ಸಣ್ಣಗೆ ಕತ್ತರಿಸಿದಳು. ಒಂದು ದಿನ ಬೇಗಪ್ಪನ ಕೈಗೆ ಸಿಕ್ಕಿಬಿದ್ದಳು. ತಿಂಗಳಿಗೊಮ್ಮೆ ಮೊದಲ ಕಂತಿನ ದನಿಯನ್ನು ಹಾಕಿ ಈಗಿನದಕ್ಕೆ ಹೋಲಿಸಿ ನೋಡುವುದು ಅಲ್ಲಿಯ ನಿಯಮ.

"ಅಮ್ಮ, ದನಿ ಬೇರೆ ಆಗ್ತಿದೆ. ಮಾದರಿ ಕೇಳಿ. ಹಿಂಗಿರಬೇಕು."

"ಆ ಹುಡುಗಿನೇ ಬೇರೆ ಆಗ್ತಿದಾಳಲ್ಲಪ್ಪ."

"ಮುಖ ಅದೇ ತಾನೆ? ಮುಖ ಅದೇ ಇದ್ದಮೇಲೆ ದನಿನೂ ಅದೇ. ಜನಕ್ಕೆ ಗೊಂದಲ ಆಗುತ್ತೆ."

"ನಿನ್ನ ಮುಖಾನೂ ಅದೇ ಇದೆ. ಹೆಂಡತಿ ಹತ್ರ ಮಾತಾಡೋ ದನಿ, ಚಾನೆಲ್ಲಿನವರ ಹತ್ರ ಮಾತಾಡೋ ದನಿ ಒಂದೇನಾ?"

ಎಂಜಿನಿಯರು ಬಾಯಿಗೆ ಕೈ ಅಡ್ಡ ಹಿಡಿದ. ಬೇಗಪ್ಪ ಗಡಿಯಾರ ನೋಡಿದ. "ಆಯ್ತು, ಬೇಗ," ಎಂದ. ಅಂದಿನಿಂದ ದನಿಯಮ್ಮ ತನಗೆ ಸರಿಕಂಡಂತೆಯೇ ನಡೆದಳು. ಆದರೆ ಮನೆಯಲ್ಲಿ ಅಕ್ಕ ಮಾತ್ರ ಗಾದೆ ಬಿಡಲಿಲ್ಲ. ಇನ್ನೂರಾಯಿತು, ಐನೂರಾಯಿತು, "ಕಾದು ನೋಡು, ಬಾಲ ಬಿಚ್ತಾಳೆ," ಎನ್ನುತ್ತಿದ್ದಳು. ಅಕ್ಕನ ಬಾಯಿಂದ ಆ ಗಾದೆಯನ್ನು ಬಿಡಿಸಬೇಕು ಎಂಬ ಹಟ ದನಿಯಮ್ಮನಿಗೆ ಹಿಡಿಯಿತು. ಬೇರೆ ಲಕ್ಷ ಜನ ಏನಂದುಕೊಂಡರೂ ಸರಿ, ಅಕ್ಕ ಒಬ್ಬಳು ನಂಬಬೇಕು.

ಅದಕ್ಕೆ ತಕ್ಕ ಕಂತೂ ಬಂತು. ಬಂಗಲೆ ಹುಡುಗಿ ಮೊದಲ ಬಾರಿಗೆ ಡ್ರೈವರನ ಮನೆಗೆ ಹೋಗುತ್ತಾಳೆ. ಸಣ್ಣ ಅಡುಗೆಮನೆ, ಅಡುಗೆಮನೆಯಲ್ಲೇ ಮಂಚ. ಡ್ರೈವರನ ಮಗಳು ಒಲೆ ಪಕ್ಕ ನಿಂತಿರುತ್ತಾಳೆ. ಇವಳು ಹೇಳುತ್ತಾಳೆ: "ನಿನ್ನ ಶೂ ನೋಡಿ ನಾನು ನಕ್ಕೆ. ಅವತ್ತು ಎಲ್ಲರೂ ನಕ್ಕರು ಅನ್ನಬೇಡ, ನಾನು ನಕ್ಕಿದ್ದಕ್ಕೇ ಎಲ್ಲರೂ ನಕ್ಕರು. ತಪ್ಪಾಯ್ತು." ಅಷ್ಟೇ. ಆ ಹುಡುಗಿ ಹಿಡಿ ಮುರಿದ ಕಪ್ಪಿನಲ್ಲಿ ಟೀ ಕೊಡುತ್ತಾಳೆ. ಹಿಡಿಯಿಲ್ಲದ ಕಪ್ಪನ್ನು ಹಿಡಿಯುವುದು ಬಂಗಲೆ ಹುಡುಗಿಗೆ ಎಲ್ಲಿ ಗೊತ್ತು? ಆ ಕೈಯಿಂದ ಈ ಕೈಗೆ ಬದಲಾಯಿಸುತ್ತ ಮಡಿಲಿಗೆ ಚೆಲ್ಲಿಕೊಳ್ಳುತ್ತಾಳೆ. ಡ್ರೈವರನ ಮಗಳಿಗೆ ನಗು ತಡೆಯುವುದಿಲ್ಲ. ಇವಳೂ ಕಿಟಕಿ ಕಡೆ ಮುಖ ತಿರುಗಿಸಿ ನಗುತ್ತಾಳೆ, ತನ್ನನ್ನು ನೋಡಿ ತಾನೇ. ಕಂತು ಮುಗಿಯುವುದು ಆ ನಗುವಿನ ಮೇಲೆ.

'ತಪ್ಪಾಯ್ತು' ಎಂಬ ಒಂದು ಮಾತಿಗೆ ದನಿಯಮ್ಮ ಹನ್ನೊಂದು ಸಲ ಪ್ರಯತ್ನ ಮಾಡಿದಳು. ಬೇಗಪ್ಪ ಗಡಿಯಾರ ನೋಡಿ ನೋಡಿ ಸುಸ್ತಾದ. ಹನ್ನೊಂದನೆಯದು ಸರಿಯಾಗಿ ಬಂತು, ಗಂಟಲು ಮಾತ್ರ ಕಟ್ಟಿಹೋಯಿತು. ನಗುವಿಗೆ ಬಂದಾಗ ಬೇಗಪ್ಪ, "ಅದು ಬೇಡಮ್ಮ, ತುಟಿ ಕಾಣಲ್ಲ, ಪಟ್ಟಿಯಿಂದ ಹಾಕ್ಕೋತೀವಿ," ಎಂದ.

"ಯಾವುದು ಹಾಕ್ತೀರ?"

"ಯಾವುದೋ ಒಂದು ಮೆತ್ತಗಿರೋದು. ನೀವು ಮನೆಗೆ ಹೋಗಿ ಬಿಸಿನೀರು ಕುಡೀರಿ."

ಬಿಸಿನೀರಿನ ಆಸೆಗೆ ಅವಳು ಮನೆಗೆ ಹೋದಳು. ಮುಂದೆ ಎಷ್ಟೋ ದಿನ ಅವಳು ತನ್ನನ್ನು ತಾನು ಬೈದುಕೊಂಡದ್ದು ಈ ಒಂದು ತಪ್ಪಿಗೆ.

ಎರಡು ದಿನ ಬಿಟ್ಟು, ಮಧ್ಯಾಹ್ನ ಊಟಕ್ಕೆ ಕೂತಾಗ ಟಿವಿಯಲ್ಲಿ ಮರುದಿನದ ಕಂತಿನ ತುಣುಕು ಬಂತು. ಅಡುಗೆಮನೆ, ಕಪ್ಪು, ಚೆಲ್ಲಿದ ಟೀ, ಕಿಟಕಿಯತ್ತ ತಿರುಗಿದ ಹುಡುಗಿ. ಅಷ್ಟರಲ್ಲಿ ಮೂಗಿನಿಂದ ಸಣ್ಣಗೆ ಗಾಳಿ, ಮೂರು ಮೆಟ್ಟಿಲು, ತುದಿಯಲ್ಲಿ ಥಟ್ಟನೆ ನಿಲುಗಡೆ. ಏಳನೇ ನಂಬರು.

ದನಿಯಮ್ಮ ತುತ್ತನ್ನು ತಟ್ಟೆಗೆ ಬಿಟ್ಟಳು. ಕ್ಷಮೆ ಕೇಳಿದ ಹುಡುಗಿ ಬೆನ್ನು ತಿರುಗಿಸಿ ಆ ಮನೆಯನ್ನು, ಆ ಕಪ್ಪನ್ನು, ಆ ಬಡವಿಯನ್ನು ಅಣಕಿಸಿ ನಗುತ್ತಿದ್ದಳು. ಹನ್ನೊಂದು ಸಲ ಗಂಟಲು ಹರಿದುಕೊಂಡು ಹೇಳಿದ ತಪ್ಪಾಯ್ತು ಒಂದೇ ಏಟಿಗೆ ಸುಳ್ಳಾಗಿತ್ತು. ಅಕ್ಕ ಒಳಗೆ ಬಟ್ಟೆ ಮಡಿಸುತ್ತಿದ್ದಳು, ಸದ್ಯ ನೋಡಿರಲಿಲ್ಲ. ದನಿಯಮ್ಮ ಕೈ ತೊಳೆದು, ಸಿಕ್ಕ ಚಪ್ಪಲಿ ಮೆಟ್ಟಿ, ಬಸ್ಸು ಹಿಡಿದಳು.

"ಅದನ್ನ ತೆಗೀರಿ," ಎಂದಳು ಸ್ಟುಡಿಯೋ ಬಾಗಿಲಲ್ಲೇ. "ಆ ನಗು ಅಲ್ಲಿ ಇರಕೂಡದು."

ಬೇಗಪ್ಪನಿಗೆ ಯಾವ ನಗು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಅವನಿಗೆ ನಿರಾಳವಾಯಿತು. "ಅಯ್ಯೋ, ಅಷ್ಟೇನಾ? ನಾನು ಏನೋ ಅನಾಹುತ ಆಯ್ತು ಅಂದ್ಕೊಂಡೆ. ನಗು ಅಂದ್ರೆ ನಗು ಅಮ್ಮ. ಯಾರು ಗಮನಿಸ್ತಾರೆ?"

"ಅನಾಹುತ ಅಲ್ದೆ ಇನ್ನೇನು ಇದು? ಐನೂರು ಕಂತು ಒಂದು ಹುಡುಗಿ ಬಿದ್ದು ಎದ್ದು ತನ್ನನ್ನ ತಿದ್ದಿಕೊಂಡು ಬಂದ್ಲು. ನೀವು ಒಂದು ಗುಂಡಿ ಒತ್ತಿ ಅವಳನ್ನ ಮೊದಲನೇ ದಿನಕ್ಕೆ ವಾಪಸ್ ತಳ್ಳಿದೀರ. ಯಾರು ಒತ್ತಿದ್ದು?"

ಎಂಜಿನಿಯರು ತಲೆ ತಗ್ಗಿಸಿದ. "ನಾನೇ ಅಮ್ಮ. ಬೇಗ ಬೇಗ ಅಂದ್ರು. ಗುಂಡಿ ಇರೋದು ಅದೊಂದಕ್ಕೇ. ಕೈ ತಾನಾಗೇ ಹೋಯ್ತು."

"ನಗು ಅಂದ್ರೆ ನಗು ಅಂದ್ಯಲ್ಲ," ದನಿಯಮ್ಮ ಬೇಗಪ್ಪನ ಕಡೆ ತಿರುಗಿದಳು. "ಆ ನಗು ನಾನು ಹುಟ್ಟಿಸಿದ್ದಲ್ಲ. ನಮ್ಮಮ್ಮ ಒಂದು ದೊಡ್ಡ ಮನೇಲಿ ಅಡುಗೆ ಮಾಡ್ತಿದ್ಲು. ಆ ಮನೆ ಹುಡುಗಿಗೆ ಆಗ ಹದಿನೇಳು. ನಮ್ಮಕ್ಕನಿಗೆ ಹನ್ನೆರಡು. ಆ ಹುಡುಗಿ ತನ್ನ ಹಳೇ ಫ್ರಾಕು ಕೊಟ್ಟಿದ್ಲು, ಗುಂಡಿ ಬೆನ್ನಿಗೆ ಬರೋದು. ಬೆನ್ನಿಗೆ ಹಾಕ್ಕೊಳಕ್ಕೆ ಅಕ್ಕನ ಕೈ ಎಟುಕಲಿಲ್ಲ, ಗುಂಡಿ ಮುಂದಕ್ಕೆ ಬರೋ ಹಂಗೆ ತೊಟ್ಟುಕೊಂಡ್ಲು. ಹಾಗೇ ನಡುಮನೆಗೆ ನೀರಿನ ಲೋಟ ತಗೊಂಡು ಹೋದಾಗ ಆ ಹುಡುಗಿ, ಅವಳ ಸ್ನೇಹಿತೆಯರು ಎಲ್ಲ ಕೂತಿದ್ರು. ಅವಳು ಅಕ್ಕನ್ನ ನೋಡಿ ನಕ್ಕಿದ್ದು ಆ ನಗು. ಏಳನೇ ನಂಬರು. ನಿನ್ನ ಪಟ್ಟಿಯಲ್ಲಿ ಅದು ಬರೀ ನಂಬರು. ಅದನ್ನ ತಂದು ಕ್ಷಮೆ ಕೇಳೋ ಬಾಯಿಗೆ ಅಂಟಿಸಿದೀಯ. ನಾಚಿಕೆ ಆಗಲ್ವಾ?"

ಬೇಗಪ್ಪ ಅರ್ಧ ನಿಮಿಷ ಗಡಿಯಾರ ನೋಡಲಿಲ್ಲ. "ಕಂತು ಆಗಲೇ ಚಾನೆಲ್ಲಿಗೆ ಹೋಗಿದೆ," ಎಂದ ಕೊನೆಗೆ.

"ನಾಳೆ ಸಂಜೆ ಏಳಕ್ಕೆ ತಾನೆ ಬರೋದು? ನಾಲ್ಕು ನಿಮಿಷ ಕೊಡಿ," ಎಂದ ಎಂಜಿನಿಯರು, ನಿರ್ದೇಶಕನ ಮುಖ ನೋಡದೆ.

ದನಿಯಮ್ಮ ಚಪ್ಪಲಿ ಬಿಟ್ಟು, ಬಳೆ ತೆಗೆದು ಒಳಗೆ ಹೋದಳು. ಹೊಟ್ಟೆ ಖಾಲಿ, ಆದರೆ ಅದು ಗುರುಗುಟ್ಟುವಷ್ಟು ಧೈರ್ಯ ಅಂದು ಅದಕ್ಕೂ ಇರಲಿಲ್ಲ. ಎರಡನೇ ಸಲಕ್ಕೇ ನಗು ಸರಿಯಾಗಿ ಬಂತು. ನಾಚಿಕೆ ಬೆರೆತ, ನಡುವೆ ಮುರಿದ, ಸಣ್ಣ ನಗು. ಎಂಜಿನಿಯರು ಅದನ್ನು ಕೂರಿಸಿ, ಕಂತನ್ನು ಮತ್ತೆ ಕಟ್ಟಿ, ಬೇಗಪ್ಪನ ಕೈಗಿಟ್ಟ. "ಕಳಿಸ್ತೀನಿ," ಎಂದ ಬೇಗಪ್ಪ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮೇಲೆ ದನಿಯಮ್ಮನ ಸಿಟ್ಟು ಇಳಿಯಿತು, ಇಳಿದ ಜಾಗದಲ್ಲಿ ಬೇರೊಂದು ಏರಿತು. ಅವಳು ಸ್ಟುಡಿಯೋದಲ್ಲಿ ಹೇಳಿದ್ದು ಅರ್ಧ ಕಥೆ. ಉಳಿದರ್ಧವನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಆ ನಡುಮನೆಯ ಬಾಗಿಲಲ್ಲಿ ಅವಳೂ ನಿಂತಿದ್ದಳು, ಎಂಟು ವರ್ಷದವಳು. ಕೇಳಿದ ಯಾವ ದನಿಯನ್ನೂ ಹಾಗೇ ಆಡಿಬಿಡುವ ಚಟ ಅವಳಿಗೆ ಆಗಲೇ ಇತ್ತು. ಆ ಹುಡುಗಿ ನಕ್ಕು ನಿಲ್ಲಿಸಿದ ಕೂಡಲೇ ಇವಳು ಅದೇ ನಗುವನ್ನು ಚಾಚೂ ತಪ್ಪದೆ ನಕ್ಕಳು. ಎಲ್ಲರೂ ತಿರುಗಿ ನೋಡಿದರು. ಚಪ್ಪಾಳೆ ತಟ್ಟಿದರು. ಹತ್ತಿರ ಕರೆದು, ಇನ್ನೊಮ್ಮೆ ನಗು ಎಂದರು. ಅಕ್ಕ ಲೋಟ ಹಿಡಿದು ನಡುವೆ ನಿಂತಿರುವಾಗಲೇ ಅವಳು ಇನ್ನೊಮ್ಮೆ ನಕ್ಕಳು. ಬದುಕಿನಲ್ಲಿ ಅವಳಿಗೆ ಸಿಕ್ಕ ಮೊದಲ ಚಪ್ಪಾಳೆ ಅದು. ಆಮೇಲೆ ಅಕ್ಕ ಆ ನಡುಮನೆಗೆ ಕಾಲಿಡಲಿಲ್ಲ, ಈ ವಿಷಯವನ್ನು ಒಂದು ದಿನವೂ ಎತ್ತಲಿಲ್ಲ. ಮರೆತಿರಬೇಕು ಎಂದು ದನಿಯಮ್ಮ ನಲವತ್ತೈದು ವರ್ಷ ನಂಬಿಕೊಂಡು ಬಂದಿದ್ದಳು. ನಂಬುವುದು ಅವಳಿಗೆ ಅನುಕೂಲವೂ ಆಗಿತ್ತು.

ಮರುದಿನ ಏಳಕ್ಕೆ ಅಕ್ಕ ತಂಗಿ ಇಬ್ಬರೂ ಟಿವಿ ಮುಂದೆ ಕೂತರು. ಎಂದೂ ನಿಂತುಕೊಂಡೇ ನೋಡುವ ದನಿಯಮ್ಮ ಅಂದು ಅಕ್ಕನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡಳು. ಅಡುಗೆಮನೆ ಬಂತು. 'ತಪ್ಪಾಯ್ತು' ಬಂತು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಮುಂದಕ್ಕೆ ಬಾಗಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು. ಗೆದ್ದೆ ಎಂದುಕೊಂಡಳು ದನಿಯಮ್ಮ. ಟೀ ಚೆಲ್ಲಿತು, ಡ್ರೈವರನ ಮಗಳು ನಕ್ಕಳು, ಬಂಗಲೆ ಹುಡುಗಿ ಕಿಟಕಿಯತ್ತ ತಿರುಗಿದಳು.

ಮೂಗಿನಿಂದ ಗಾಳಿ, ಮೂರು ಮೆಟ್ಟಿಲು, ನಿಲುಗಡೆ.

ಅಕ್ಕ ಹಿಂದಕ್ಕೆ ಒರಗಿದಳು. ಟಿವಿ ಆರಿಸಿದಳು. "ನೋಡಿದ್ಯಾ? ಹುಟ್ಟುಗುಣ ಸುಟ್ಟರೂ ಹೋಗಲ್ಲ. ಇಷ್ಟೆಲ್ಲ ನಂಬಿಸಿ ಕೊನೆಗೆ ನಕ್ಕುಬಿಟ್ಲು."

ದನಿಯಮ್ಮ ಅಲ್ಲೇ ಬೇಗಪ್ಪನಿಗೆ ಫೋನು ಮಾಡಿದಳು. ಅವನ ದನಿಯಲ್ಲಿ ಹಬ್ಬವಿತ್ತು. ಮತ್ತೆ ಕಳಿಸಿದರೆ ಚಾನೆಲ್ಲಿನವರು ಬೈಯುತ್ತಾರೆಂದು ಕಳಿಸಲಿಲ್ಲವಂತೆ. ಕಳಿಸದೇ ಇದ್ದದ್ದೇ ಒಳ್ಳೆಯದಾಯಿತಂತೆ. "ನಿನ್ನೆ ತುಣುಕು ಬಂದಾಗಿಂದ ಜನ ಹುಚ್ಚೆದ್ದು ಹೋಗಿದಾರೆ ಅಮ್ಮ. ಮೊಬೈಲಲ್ಲಿ ಅದೇ ಮಾತು, ಅವಳು ನಾಟಕ ಆಡ್ತಿದಾಳೆ ಅಂತ. ಚಾನೆಲ್ಲಿನವರೇ ಫೋನ್ ಮಾಡಿದ್ರು. ಇನ್ಮೇಲೆ ಹಾಗೇ ಮಾತು ಬರೆಸ್ತೀವಿ. ಮೂಲದಲ್ಲಿ ಅವಳು ಒಳ್ಳೆಯವಳಾಗಲಿ ಬಿಡಿ, ನಮ್ಮಲ್ಲಿ ಒಳಗೊಳಗೇ ಕತ್ತಿ ಮಸೀತಾಳೆ."

"ಹಾಗಾದ್ರೆ ಬೇರೆ ಗಂಟಲು ಹುಡುಕ್ಕೋ."

"ಅಮ್ಮ, ಸಿಟ್ಟು ಮಾಡ್ಕೋಬೇಡಿ, ಇದು ಬರೀ ಧಾರಾ..."

ದನಿಯಮ್ಮ ಫೋನು ಕುಕ್ಕಿದಳು. ಆಮೇಲೆ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತ ಬಾಯಿಗೆ ಬಂದಂತೆ ಬೈದಳು. ಬೇಗಪ್ಪನನ್ನು, ಚಾನೆಲ್ಲನ್ನು, ಒಬ್ಬಳು ಬದಲಾದಳೆಂದರೆ ನಂಬಲಾರದ, ಕೆಟ್ಟವಳೆಂದರೆ ಚಪ್ಪಾಳೆ ತಟ್ಟುವ ಜನರನ್ನು. ತಾನು ಬೇರೆ ನಗು ಕೊಟ್ಟು ಬಂದದ್ದನ್ನು, ಅವನು ಕಳಿಸದೆ ಮೋಸ ಮಾಡಿದ್ದನ್ನು ಹೇಳಿದಳು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು.

"ಅದು ಅವಳ ನಗು ಅಲ್ಲ ಅಕ್ಕ," ಎಂದಳು ದನಿಯಮ್ಮ ಉಸಿರು ಸಾಕಾಗಿ. "ನಿನಗೆ ಹೇಗೆ ಹೇಳಲಿ. ಅವಳು ಹಾಗೆ ನಗಲೇ ಇಲ್ಲ."

"ಗೊತ್ತು. ಅದು ನಿನ್ನದು."

ದನಿಯಮ್ಮ ನಿಂತಳು.

"ಮೊದಲನೇ ಕಂತಲ್ಲೇ ಗೊತ್ತಾಯ್ತು," ಎಂದಳು ಅಕ್ಕ. ದನಿ ಏರಿಸಲಿಲ್ಲ. "ಆ ಮನೆ ಹುಡುಗಿ ನಕ್ಕಾಗ ನನಗೆ ಅಷ್ಟೇನೂ ಆಗಲಿಲ್ಲ. ಅವಳು ನಗೋಳೇ, ಅಂಥ ಮನೇಲಿ ಹುಟ್ಟಿದೋಳು. ನೀನು ನಕ್ಕೆ ನೋಡು. ನನ್ನ ಫ್ರಾಕು ಯಾಕೆ ಹಿಂದುಮುಂದಾಗಿತ್ತು ಅಂತ ಆ ನಡುಮನೇಲಿ ಗೊತ್ತಿದ್ದೋಳು ನೀನೊಬ್ಬಳೇ."

"ನಾನು ಎಂಟು ವರ್ಷದವಳು ಅಕ್ಕ."

"ನಾನು ಹನ್ನೆರಡು."

ಅಕ್ಕ ಮೊಣಕಾಲನ್ನು ತಿಕ್ಕಿಕೊಂಡಳು.

"ದುಡ್ಡಿರೋರ ಮಕ್ಕಳ ಕಥೆ ನನಗ್ಯಾಕೆ ಬೇಕಿತ್ತು? ಆ ಹುಡುಗಿ ಬಾಯಲ್ಲಾದ್ರೂ ನೀನು ಒಂದಿನ ತಪ್ಪಾಯ್ತು ಅಂತೀಯೇನೋ ಅಂತ ಕಾದೆ. ಎರಡು ವರ್ಷ ಕಾದೆ. ಇವತ್ತು ಅಂದೆ. ಅಂದು, ಮತ್ತೆ ಅದೇ ನಗು ನಕ್ಕೆ. ಈಗ ಬೇಗಪ್ಪ ಕೆಟ್ಟೋನು, ಚಾನೆಲ್ ಕೆಟ್ಟದ್ದು, ಜನ ಕೆಟ್ಟೋರು ಅಂತ ಎಗರಾಡ್ತಿದೀಯ. ನೀನು ಅವರ ಮೇಲೆ ಎಗರಾಡ್ತೀಯ, ನಾನು ಯಾರ ಮೇಲೆ ಎಗರಾಡಲಿ?"

ದನಿಯಮ್ಮ ಮೂವತ್ತು ವರ್ಷ ಪರರ ತುಟಿ ನೋಡಿ ಮಾತಾಡಿದವಳು. ಯಾರೋ ಬರೆದ ಮಾತು, ಯಾರದೋ ಮುಖ, ಸರಿಬಾರದಿದ್ದರೆ ಇನ್ನೊಂದು ಸಲ. ಇಲ್ಲಿ ಬರೆದುಕೊಟ್ಟವರಿಲ್ಲ, ಹಿಂದೆ ಅಡಗಿಕೊಳ್ಳಲು ಹದಿನೇಳರ ಹುಡುಗಿಯೂ ಇಲ್ಲ. ಯಾವ ದನಿಯಲ್ಲಿ ಹೇಳಬೇಕೆಂದು ಅವಳು ಗಂಟಲಲ್ಲೆಲ್ಲ ತಡಕಿದಳು. ಕೊನೆಗೆ ಬಂದದ್ದು ಒಡಕು, ಒರಟು, ಅವಳಿಗೇ ಅಪರಿಚಿತವಾದ ಮುದುಕಿ ದನಿ.

"ನಾನು ನಕ್ಕಿದ್ದು ತಪ್ಪು ಅಕ್ಕ. ಚಪ್ಪಾಳೆ ಸಿಕ್ತು ಅಂತ ಎರಡನೇ ಸಲ ನಕ್ಕಿದ್ದು ಇನ್ನೂ ತಪ್ಪು. ಅದನ್ನೇ ತಗೊಂಡುಹೋಗಿ ಕಸುಬು ಮಾಡ್ಕೊಂಡಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು."

ಅಕ್ಕ ಅವಳ ಮುಖವನ್ನೇ ನೋಡಿದಳು, ಮಾತಿನ ಬೆನ್ನಿಗೆ ಆ ನಗು ಬರುತ್ತದೋ ಎಂದು ಕಾಯುವ ಹಾಗೆ. ಏನೂ ಬರಲಿಲ್ಲ.

"ಕ್ಷಮಿಸ್ತೀಯಾ?" ಎಂದಳು ದನಿಯಮ್ಮ.

"ಕೇಳಿದ ತಕ್ಷಣ ಕೊಡಕ್ಕೆ ಆಗುತ್ತಾ? ನಾನು ನಲವತ್ತೈದು ವರ್ಷ ಕಾದಿದೀನಿ," ಎಂದಳು ಅಕ್ಕ. "ನೀನೂ ಸ್ವಲ್ಪ ಕಾಯಿ."

ದನಿಯಮ್ಮ ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತಳು.